ನೀರಿನ ಮೇಲೆ ನಿಂತ ಕಂಬ

ಎಲ್ಲರಿಗೂ ನಮಸ್ಕಾರ. ಗಿರಿಜಾಂಬಾ ಅವರೇ, ಮಕ್ಕಳೇ, ಪಂಪ್‌ಹೌಸಿನ ನನ್ನ ಜೊತೆಗಾರರೇ, ಒಂಟಿಕೊಪ್ಪಲಿನ ನೆರೆಹೊರೆಯವರೇ — ಮೊದಲು ಒಂದು ಮಾತು. ಹಿತ್ತಿಲ ಗೋಡೆಯ ಕಡೆ ಕೂತಿರುವವರು ದಯವಿಟ್ಟು ಬೆಂಚು ಎತ್ತಿಕೊಂಡು ಈಚೆ ಬನ್ನಿ. ಇನ್ನೂ ಈಚೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಬೀರಯ್ಯ. ಚನ್ನಬಸವಯ್ಯನವರ ಜೊತೆ ನೀರು ಸರಬರಾಜಿನಲ್ಲಿ ದುಡಿದವನು. ನನ್ನ ಓದು ಎರಡು ಸಲ ನಿಂತದ್ದು — ಒಂದು ಸಲ ಪ್ಲೇಗಿಗೆ, ಇನ್ನೊಂದು ಸಲ ಅಪ್ಪನ ಸಾವಿಗೆ. ಮಾತು ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವರನ್ನು ನೀವೆಲ್ಲ ರೇಡಿಯೋ ಚನ್ನಬಸವಯ್ಯ ಎನ್ನುತ್ತಿದ್ದಿರಿ. ಸರ್ಕಾರದ ಲೈಸೆನ್ಸು ಪಡೆದು, ಕೈಯಾರೆ ಕಟ್ಟಿದ ರೇಡಿಯೋದಲ್ಲಿ ಎಲ್ಲೆಲ್ಲಿಯೋ ಇರುವ ಹವ್ಯಾಸಿಗಳ ಜೊತೆ ಮಾತಾಡುತ್ತಿದ್ದರು. ಅದಕ್ಕೆ ಏರಿಯಲ್ಲು ಎತ್ತರದಲ್ಲಿರಬೇಕು. ಕಂಬ ಹತ್ತುವ ವಯಸ್ಸು ಅವರದಲ್ಲ. ಒಂದರೊಳಗೊಂದು ಕೂರುವ ಪೈಪುಗಳು, ನಡುವೆ ಚರ್ಮದ ವಾಷರು — ಕೆಳಗಿನಿಂದ ನೀರು ಒತ್ತಿದರೆ ಪೈಪು ತಾನೇ ಮೇಲೇಳಬೇಕು, ಇದು ಅವರ ಲೆಕ್ಕ.

"ಊರಿಗೆಲ್ಲ ನೀರು ಹತ್ತಿಸ್ತೀವಿ. ಒಂದು ಕಂಬ ಹತ್ತಿಸಕ್ಕಾಗಲ್ವೇನಯ್ಯ?" ಅಂದರು. ಅವತ್ತಿನಿಂದ ನನ್ನ ನಿದ್ದೆ ಕೆಟ್ಟಿತು.

ಮೊದಲ ಸಲ ಬೀದಿ ನಲ್ಲಿಗೇ ಜೋಡಿಸಿದರು. ಕಂಬ ಎದ್ದಿತು — ಹೀಗೆ, ಮುದುಕರು ಮಂಡಿಗೆ ಕೈಕೊಟ್ಟು ಏಳುವ ಹಾಗೆ. ಇವರು ಒಳಗೆ ಹೋಗಿ ಸಿಲೋನಿನ ಯಾರೊಂದಿಗೋ ಮಾತಿಗೆ ಕೂತರು. ನೀರು ನಿಲ್ಲಿಸುವ ಹೊತ್ತಾಯಿತು. ಊರಿನ ವಾಲ್ವು ತಿರುಗಿಸುವುದೇ ನಮ್ಮ ಕಸುಬು, ಆದರೂ ನಮಗೇ ಅದು ಹೊಳೆಯಲಿಲ್ಲ. ನೀರು ನಿಂತಿತು, ಕಂಬ ಕೂತಿತು. ಕಂಬವನ್ನು ನಾಲ್ಕೂ ಕಡೆಗೆ ಬಿಗಿದಿದ್ದ ಹಗ್ಗಗಳು ಸಡಿಲಾಗಿ ಏರಿಯಲ್ಲು ವಾಲಿ ಪಕ್ಕದ ಮನೆ ದೇವಿರಮ್ಮನವರ ಹಪ್ಪಳದ ಮೇಲೆ ಬಿತ್ತು.

ಗೋಡೆಯಾಚೆಯಿಂದ ದೇವಿರಮ್ಮನವರು ಕೇಳಿದ್ದು ಇಷ್ಟೇ — "ಏನ್ರೀ, ಸಿಲೋನ್‌ನೋರು ಹಪ್ಪಳ ಕೇಳಿದ್ರಾ?"

ಆಮೇಲೆ ಕೈಪಂಪು ಬಂತು, ಒಳಗೆ ಹೋದ ನೀರು ಹಿಂದಕ್ಕೆ ಬಾರದ ಹಾಗೆ ತಡೆಯುವ ವಾಲ್ವು ಬಂತು, ಇಳಿಸುವಾಗ ತಿರುಗಿಸಿ ನೀರು ಹೊರಬಿಡಲು ಇನ್ನೊಂದು ವಾಲ್ವು ಬಂತು. ಒಂದು ಕಟ್ಟಳೆಯೂ ಬಂತು. ಕಂಬ ಏಳುವಾಗ, ಇಳಿಯುವಾಗ ಯಾರೂ ಮಾತಾಡಕೂಡದು. ಅವರು ಪೈಪಿಗೆ ಕಿವಿಯಿಟ್ಟು ಕೂರುತ್ತಿದ್ದರು. ವಾಷರು ಹರಿಯುವ ಮೊದಲು ಸಣ್ಣಗೆ ಸುಯ್ ಅನ್ನುತ್ತದೆ. ಮಾತಿನ ಸದ್ದಿನಲ್ಲಿ ಅದು ಕೇಳದು. ಹಗ್ಗ ಹಿಡಿದ ನಾವು ಅವರ ಕೈಯನ್ನೇ ನೋಡುತ್ತಿದ್ದೆವು — ಹೀಗೆ ಅಂದರೆ ಬಿಡಬೇಕು, ಹೀಗೆ ಅಂದರೆ ಎಳೆಯಬೇಕು.

ಹೋದ ವಾರ ಕಂಬ ಏರಿಸಿ ನಿಲ್ಲಿಸಿ, ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಬಂದರು. ಪಂಪಿನ ಪಕ್ಕ ಕೂತವರು ಏಳಲಿಲ್ಲ. ಡಾಕ್ಟರು ಬರುವಷ್ಟರಲ್ಲಿ — ಮುಗಿದಿತ್ತು.

ಕಂಬ ಇನ್ನೂ ನಿಂತಿದೆ. ಹಿತ್ತಿಲಲ್ಲಿ, ನೋಡಿ. ಇಳಿಸೋಣವೇ ಎಂದು ಅವರ ಮನೆಯವರಾದ ಗಿರಿಜಾಂಬಾ ಅವರನ್ನು ಕೇಳಿದ್ದೆ. "ಇರ್ಲಿ ಬುಡಿ. ಅವರು ನಿಲ್ಸಿದ್ದು ಅದೊಂದಾದ್ರೂ ನಿಂತಿರ್ಲಿ" ಅಂದರು. ದಿನಾ ಬೆಳಿಗ್ಗೆ ಬಂದು, ಇಳಿದಷ್ಟು ನೀರು ಒತ್ತಿ ಹೋಗುತ್ತಿದ್ದೆ. ಇವತ್ತು ಕಿವಿಯಿಟ್ಟೆ. ಸುಯ್ ಅಂದಿತು.

ನಾನು ಮಾತು ಶುರುಮಾಡಿದಾಗ ಆ ಬೇವಿನ ಮರದ ಕಡೆಯ ಹಗ್ಗ ಬಿಗಿಯಾಗಿತ್ತು. ಈಗ ನೋಡಿ — ಜೋತುಬಿದ್ದಿದೆ, ಕಂಬ ಕೂರುತ್ತಿದೆ. ಸಂಜೆಗೆ ಬೆಟ್ಟದ ಕಡೆಯಿಂದ ಗಾಳಿ ಬರುತ್ತದೆ. ಬಿದ್ದರೆ ದೇವಿರಮ್ಮನವರ ಹೆಂಚಿನ ಮೇಲೆಯೇ. ಅವರ ಬಾಣಂತಿ ಮಗಳನ್ನೂ ಕೂಸನ್ನೂ ಎದುರು ಮನೆಗೆ ಕಳಿಸಿದ್ದಾಯಿತು. ಹೋದರು ತಾನೇ? ಹೋದರಂತೆ.

ಸಭೆಗೆ ಮುಂಚೆ ಗಿರಿಜಾಂಬಾ ಅವರನ್ನು ಮತ್ತೆ ಕೇಳಿದೆ. ಕತ್ತೆತ್ತಿ ಕಂಬ ನೋಡಿ ಅಂದರು — "ಇಳಿಸ್ಬುಡಿ, ಬೀರಯ್ಯ. ಜನ ಎಲ್ಲಾ ಸೇರಿದಾಗ ಇಳಿಸಿ. ಅವರು ಇಳಿಸ್ತಿದ್ದಂಗೇ ಇಳಿಸಿ."

ಆದ್ದರಿಂದ, ಮಹನೀಯರೇ, ಅವರ ಗುಣಗಾನ ಇಲ್ಲಿಗೇ ನಿಲ್ಲಿಸುತ್ತೇನೆ. ಹಗ್ಗ ನಾಲ್ಕಿವೆ. ಪಂಪ್‌ಹೌಸಿನವರು ಒಂದೊಂದಕ್ಕೆ ಇಬ್ಬಿಬ್ಬರು ಹೋಗಿ. ಕಂಬ ತಗ್ಗಿದಷ್ಟೂ ಎಳೆದುಕೊಳ್ಳಬೇಕು, ಜಗ್ಗಬಾರದು. ನೀರು ಹೊರಬಿಡುವ ವಾಲ್ವನ್ನು ಗಿರಿಜಾಂಬಾ ಅವರೇ ತಿರುಗಿಸುತ್ತಾರೆ. ಪೈಪಿಗೆ ಕಿವಿಯಿಡುವವನು ನಾನು. ನನ್ನ ಕೈಯನ್ನೇ ನೋಡಿ.

ಉಳಿದವರು ಇದ್ದಲ್ಲೇ ಎದ್ದು ನಿಲ್ಲಿ. ಕಂಬ ಪೂರ್ತಿ ಕೂರುವವರೆಗೆ ಒಂದು ಮಾತೂ ಬೇಡ. ಅಳುವುದಿದ್ದರೂ ಆಮೇಲೆ — ನನಗೆ ನೀರು ಕೇಳಿಸಬೇಕು.

ಎದ್ದು ನಿಲ್ಲಿ.