ರಾಕ್ಷಸನ ತೆರೆ

ನಿಟ್ಟುವಳ್ಳಿಯ ಗಿರಣಿಯಲ್ಲಿ ವಾಣಿಯ ಜೋಳ ಅರ್ಧ ಬೀಸಿಯಾಗಿತ್ತು, ಅಷ್ಟರಲ್ಲಿ ಬೆಳಗಿನ ಕರೆಂಟು ಹೋಯಿತು. ಮಗಳು ಸಿಂಚನಳನ್ನು ಮಡಿಲಲ್ಲಿ ಕೂರಿಸಿಕೊಂಡು ಅವಳು ಬೆಂಚಿನ ಮೇಲೆ ಕಾದಳು. ಪಕ್ಕದಲ್ಲಿ ಬಯಲಾಟದ ಹುಲಿಯಪ್ಪ ಮೇಷ್ಟ್ರು ಆಟೋಗೆ ಕಾಯುತ್ತ, ತಂಗಿಯ ಮಗಳೂ ಮೇಳ ನಡೆಸುವವಳೂ ಆದ ಮೀನಾಕ್ಷಿಯೊಡನೆ ಮಾತಿಗಿಳಿದಿದ್ದರು.

"ಮಾವ, ಸಂಜೆ ಹರಿಹರದ ಆಟದಾಗೆ ಪ್ರತಿ ವೇಷದ ಫೋಟೋದಾಗೂ ಸಂಸ್ಕೃತಿ ಇಲಾಖೆ ಹೆಸರು ಕಾಣ್ಬೇಕಂತೆ. ಇಲ್ಲಾಂದ್ರೆ ಅನುದಾನ ಇಲ್ಲ."

"ಹಿಂದೆ ಬ್ಯಾನರ್ ಕಟ್ಟಿದ್ರಾತು."

"ಕಿರೀಟ ಅಡ್ಡ ಬರ್ತೈತೆ ಅಂದ್ರು. ಅದಕ್ಕೇ ತೆರೆ ಮೇಲೇ ಬರೆಸಿಬಿಟ್ಟೆ."

"ಯಾವ ತೆರೆ? ವೇಷ ಬರೋ ಮುಂಚೆ ಇಬ್ರು ಅಡ್ಡ ಹಿಡೀತಾರಲ್ಲ, ಅದಾ?"

"ಹೂಂ."

"ಅಯ್ಯೋ ನಮ್ಮವ್ವ! ಅದರ ಹಿಂದೆ ನಿಂತು ಅಬ್ಬರಿಸೋ ರಾಕ್ಷಸ ನಾನು. ಮ್ಯಾಲೆ 'ಸರ್ಕಾರದ ಸಹಯೋಗದಲ್ಲಿ' ಅಂತ ಇರುತ್ತೆ, ಕೆಳಗೆ ನನ್ನ ಕಾಲು ಕುಣೀತಿರ್ತಾವೆ!"

"ಕೂಗಬ್ಯಾಡ ಮಾವ. ಆಟದಾಗೆ ಇಲಾಖೆ ಸಾಹೇಬ್ರೂ ಮುಂದೇನೇ ಕುಂತಿರ್ತಾರೆ."

"ಜನ ಬಿದ್ದು ಬಿದ್ದು ನಗ್ತಾರೆ. ತೆಗೆದುಬಿಡು."

"ತೆಗೆದ್ರೆ ಅನುದಾನ ಹೋತು. ಬಿಟ್ರೆ ಬೇಕಂತಲೇ ಅವಮಾನ ಮಾಡಿದ್ರಿ ಅಂತಾರೆ. ನಾ ಏನು ಮಾಡ್ಲಿ ಹೇಳು."



"ನಾನು ಅಬ್ಬರಿಸದೇ, ಸುಮ್ನೆ ನಡ್ಕೊಂಡು ಬರ್ತೀನಿ ಬಿಡು."

"ಸುಮ್ನೆ ಬರೋ ರಾಕ್ಷಸನ್ನ ನೋಡೋಕೆ ಯಾರು ಬರ್ತಾರೆ ಮಾವ?"

ಹೊರಗೆ ಆಟೋದವನು ಹಾರ್ನ್ ಹೊಡೆದ. ಇಬ್ಬರೂ ಎದ್ದರು. ಇಷ್ಟು ಹೊತ್ತು ಬೆರಳು ಕಚ್ಚುತ್ತ ಮೇಷ್ಟ್ರ ಕಾಲುಗಳನ್ನೇ ನೋಡುತ್ತಿದ್ದ ಸಿಂಚನ, ಅವರು ಬಾಗಿಲು ದಾಟುವಾಗ ಗಿರಣಿಗೆಲ್ಲ ಕೇಳುವಂತೆ ಕೇಳಿದಳು:

"ಅಮ್ಮಾ, ರಾಕ್ಷಸನ್ನ ಸರ್ಕಾರದೋರೇ ಕಳಿಸ್ತಾರಾ?"