ಮೀನಿನ ಐಸು

...ಇಲ್ಲ, ನಾ ಕೂಗೂದೇ! ವಾರ್ಡಿನವ್ರೆಲ್ಲ ಕೇಳ್ಲಿ. ಏಳು ತಿಂಗಳ ಬಸುರಿ ನೀನು, ಶುಗರ್ ಏರಿ ಕಾರವಾರದ ಆಸ್ಪತ್ರೆ ಸೇರಿದ್ದೀಯೆ. ಗಂಡ ಕೇಳೂದು ತಪ್ಪಾ? ಕದ್ದು ತಿಂದ್ಯೋ ಇಲ್ವೋ, ಅಷ್ಟು ಹೇಳು ರೂಪಾ.

ಹಿಲ್ಲೂರಿಂದ ಅತ್ತೆ ಬಯಕೆಗೆ ಅಂತ ಬೆಲ್ಲದ ಸುಕ್ಕಿನುಂಡೆ ತಂದಿತ್ತಲ್ಲ? ಮುಟ್ಟಲಿಲ್ಲ ಅಂದೆ. ನಂಬ್ದೆ! ನಿನ್ನ ಸಲುವಾಗಿ ನಾನೂ ಸಕ್ಕರೆ ಬಿಟ್ಟೆ ಮಾರಾಯ್ತಿ, ಸಪ್ಪೆ ಚಾ ಕುಡ್ದೆ. ಡಾಕ್ಟರಮ್ಮ ಎಲ್ಲರೆದುರು, "ಇಂಜೆಕ್ಷನ್ ತಗೊಂಡೂ ಇಷ್ಟು ಏರಿದೆ ಅಂದ್ರೆ ನೀನು ಬಾಯಿ ಕಟ್ಟಿಲ್ಲ, ಮಗುವಿಗೆ ಏನಾದ್ರೂ ಆದ್ರೆ?" ಅಂತ ಬೈದ್ರೆ ನೀ ತಲೆ ತಗ್ಗಿಸ್ಕೊಂಡು ಕೂತೆ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಊರಿಗೆ ಕಾಣೂದಿಲ್ವಾ? ಮೋಸ ರೂಪಾ, ಮೋಸ!

ಎಂತಾ? ನರ್ಸಮ್ಮ ಹೇಳಿದ್ದಾ? ಕೇಳ್ದೆ, ಕೇಳ್ದೆ. ಇಲ್ಲೂ ಅದೇ ಊಟ, ಅದೇ ಅಳತೆ ಇನ್ಸುಲಿನ್, ಆದ್ರೂ ಶುಗರ್ ಇಳೀತು. ಇಳೀದೇ ಎಂತಾಗ್ತದೆ? ಇಲ್ಲಿ ಉಂಡೆ ಡಬ್ಬಿ ಇಲ್ವಲ್ಲ!

ಹಾಗೆ ನೋಡ್ಬೇಡ. ಮನೆಯ ಇನ್ಸುಲಿನ್ ಬಾಟ್ಲಿಗೆ ಎಂತಾಗಿತ್ತು? ಫ್ರಿಜ್ಜಿಗಾಗಿ ದಿನಾ ಪಕ್ಕದ್ಮನೆ ನಾಗಕ್ಕನ ಬಾಗಿಲಲ್ಲಿ ನಿಲ್ಲೂದು ಬೇಡ ಅಂತ ನಾನೇ ಬೈತಖೋಲ ಬಂದರಿನಿಂದ ಐಸು ಹೊತ್ತು ತಂದೆ. ಮೀನಿಗೆ ಮಾಡ್ದ ಹಾಗೇ ಪುಡಿ ಮಾಡಿ, ಥಂಡಿ ಜೋರಾಗ್ಲಿ ಅಂತ ಉಪ್ಪು ಬೆರೆಸಿ, ಅದ್ರೊಳಗೆ ಹುಗಿದಿಟ್ಟೆ. ಬಂಗಡೆ ಕೆಡೂದಿಲ್ಲ, ಔಷಧಿ ಕೆಡ್ತದಾ? ತಂಪಲ್ಲಿಡಿ ಅಂದವ್ರು ಅವ್ರೇ!

ಹೆಪ್ಪುಗಟ್ಟಬಾರ್ದು, ಗಟ್ಟಿಯಾದ್ರೆ ಕೆಡ್ತದೆ ಅಂತಲೂ ಅಂದಿದ್ರಾ? ...ಅಂದಿದ್ರು. ಹೌದು. ಆದ್ರೆ ಗಟ್ಟಿ ಎಲ್ಲಿ... ಒಂದಿನ ಬೆಳಿಗ್ಗೆ ಸ್ವಲ್ಪ... ಮುಷ್ಟಿಯಲ್ಲಿ ಹಿಡ್ಕೊಂಡ್ರೆ ಕರಗೇ ಹೋಯ್ತು! ಮತ್ತೆ ಮೊದಲಿನ ಹಾಗೇ ಇತ್ತು. ಹೊಸ ಬಾಟ್ಲಿ, ಚೆಲ್ಲೂಕಾಗ್ತದಾ?

...ಗಾಬರಿಯೂ ಇಲ್ವಾ ನಿಂಗೆ? ಇದನ್ನ ನಾ ಯಾರಿಗೂ ಹೇಳ್ಲಿಲ್ಲ, ನಿಂಗೂ...

ರೂಪಾ. ನೀ ನೋಡಿದ್ಯಾ? ಒಲೆ ಹತ್ರ ನಾ ಬಾಟ್ಲಿ ಮುಷ್ಟಿಯಲ್ಲಿ ಹಿಡ್ದು ಕರಗಿಸ್ತಾ ನಿಂತಾಗ... ನೋಡಿದ್ದೆ ನೀನು. ನೋಡಿಯೂ ದಿನಾ ಅದನ್ನೇ ಚುಚ್ಕೊಂಡ್ಯಾ? ಡಾಕ್ಟರಮ್ಮ ಬೈಯೂವಾಗ್ಲೂ ನನ್ನ ಹೆಸರೆತ್ತಲಿಲ್ಲ? ನಾ ಕಳ್ಳಿ ಅಂದ್ರೂ...

ಬೈಯೇ ಒಂದ್ಸಲ. ಹೊಡಿ ಬೇಕಾದ್ರೆ.

ಕೆಟ್ಟಿದ್ರೆ ನಾ ನಿನ್ನ ಕೈಗೆ ಕೊಡ್ತಿರ್ಲಿಲ್ಲ ಅಂತ... ನಂಬಿದ್ಯಾ?