ತಲೆ ಎತ್ತದೆ ಉಂಡ ಅಳಿಯ

ತಲೆ ಎತ್ತೋ ಮಾರಾಯ, ಆ ಮೊಬೈಲಿನೊಳಗೆ ಅದೇನು ನಿಧಿ ಹುಗಿದಿಟ್ಟಿದಾರೋ! ತಟ್ಟೆ ಮಾತ್ರ ಮುಂದೆ ಚಾಚ್ತಾನೆ ನೋಡು, ಸಾರು ಹಾಕ್ತಿರೋದು ಅಜ್ಜಿನೋ, ಅವರಮ್ಮನೋ, ಬೀದೀಲಿ ಹೋಗೋ ದಾಸಯ್ಯನೋ, ಒಂದ್ಸಲ ಕಣ್ಣೆತ್ತಿ ನೋಡೋಣ ಅಂತಿಲ್ಲ. ಥೇಟ್ ನಿಮ್ಮಜ್ಜ. ಹ್ಞೂ ಕಣೋ ಪ್ರಜ್ವಲ, ನಿಮ್ಮಜ್ಜನೇ. ಸಿಂಚನಾ, ನೀನೂ ತಟ್ಟೆ ತಗೊಂಡು ಬಾರೇ, ಇಲ್ಲೇ ಜಗಲಿ ಮೇಲೆ ಗಾಳಿ ಚೆನ್ನಾಗಿದೆ. ನಿಮ್ಮಜ್ಜ ಹೀಗೇ ತಲೆ ಎತ್ತದೆ ಒಂದಿನ ಊಟ ಮಾಡಿ, ನನ್ನ ಸಂಸಾರ ಶುರುವಾಗೋ ಮುಂಚೆನೇ ಮುಗಿದು ಹೋಗೋದ್ರಲ್ಲಿತ್ತು, ಗೊತ್ತಾ? ನಗ್ಬೇಡಿ. ಆಗ ನಂಗೆ ನಗು ಬಂದಿರ್ಲಿಲ್ಲ.

ನಮ್ಮಪ್ಪಂಗೆ ಇಲ್ಲೇ ಶಿವಮೊಗ್ಗದ ಗಾಂಧಿ ಬಜಾರಲ್ಲಿ ಬಟ್ಟೆ ಅಂಗಡಿ ಇತ್ತಲ್ಲ, ನಾನು ಹುಟ್ಟಿ ಬೆಳೆದಿದ್ದು ಅದರ ಹಿಂದಿನ ಮನೇಲಿ. ಬೆಳಿಗ್ಗೆ ಎದ್ರೆ ಜನ, ಮಲಗೋವರೆಗೂ ಜನ. "ಬಾರಕ್ಕಾ, ನೋಡಕ್ಕಾ, ತಗೊಳ್ದಿದ್ರೂ ಪರವಾಗಿಲ್ಲ ಮುಟ್ಟಿ ನೋಡಕ್ಕಾ" ಅಂತ ನಮ್ಮಪ್ಪನ ಗಂಟಲು ಕೇಳ್ಕೊಂಡೇ ನಾನು ನಿದ್ದೆ ಮಾಡ್ತಿದ್ದಿದ್ದು. ಅಂಥಾ ಗದ್ದಲದಿಂದ ತೆಗೆದು ನನ್ನನ್ನ ಭದ್ರಾವತಿಗೆ ಕೊಟ್ರು. ನಿಮ್ಮಜ್ಜಂಗೆ ಅಲ್ಲಿ ಕಬ್ಬಿಣದ ಕಾರ್ಖಾನೇಲಿ ಫರ್ನೇಸ್ ಹತ್ರ ಕೆಲಸ. ಇರೋಕೆ ಕ್ವಾರ್ಟರ್ಸು. ಅತ್ತೆ ಮಾವ ಹಳ್ಳೀಲಿ, ಮನೇಲಿ ನಾವಿಬ್ರೇ. ಕ್ವಾರ್ಟರ್ಸ್ ಅಂದ್ರೆ ಹೇಗೆ ಗೊತ್ತಾ, ಸಾಲಿಗೆ ಸಾಲು, ಮನೆಗೆ ಮನೆ, ಎಲ್ಲಾ ಒಂದೇ ಅಚ್ಚಿಗೆ ಹಾಕಿ ತೆಗೆದಿಟ್ಟಂಗೆ. ಅದೇ ಹೆಂಚು, ಅದೇ ಬಾಗಿಲು, ಅದೇ ಕಿಟಕಿ, ಬಾಗಿಲ ಮುಂದೆ ಅದೇ ಮೂರು ಮೆಟ್ಲು. ಮೂರೋ ಎರಡೋ, ಏನೋ ಒಂದು ಬಿಡು. ಒಗೆದ ಬಟ್ಟೆ ಹೊರಗೆ ಹಾಕಿದ್ರೆ ಸಂಜೆ ಹೊತ್ತಿಗೆ ಎಳ್ಳು ಉದುರಿಸಿದ ಹಾಗೆ ಚಿಮಣಿ ಮಸಿ ಕೂತಿರೋದು.

ಮಸಿನಾದ್ರೂ ತಡ್ಕೋಬಹುದಾಗಿತ್ತು ಕಣ್ರೇ. ಈ ಮನುಷ್ಯನ್ನ ತಡ್ಕೊಳೋದು ಹೇಗೆ? ಮಾತಿಲ್ಲ, ಕತೆಯಿಲ್ಲ. ಬರ್ತಾರೆ, ಕಾಲು ತೊಳೀತಾರೆ, ಕೂರ್ತಾರೆ, ತಲೆ ಬಗ್ಗಿಸ್ಕೊಂಡು ಉಣ್ತಾರೆ, ಮಲಗ್ತಾರೆ. ಸಾರು ಚೆನ್ನಾಗಿದೆ ಅಂತಿಲ್ಲ, ಕೆಟ್ಟಿದೆ ಅಂತಿಲ್ಲ. ಒಂದಿನ ಬೇಕೂಂತಲೇ ಉಪ್ಪು ಹಾಕ್ದೆ ಬಡಿಸ್ದೆ. ಬೈದಾದ್ರೂ ಬೈಲಿ, ಬೈದ್ರೂ ಮಾತೇ ಅಲ್ವಾ! ಸುಮ್ನೆ ಉಂಡು ಎದ್ದು ಹೋದ್ರು ಕಣೇ. ನಂಗೆ ಅಳು ಬಂತು. ಈ ಮನುಷ್ಯಂಗೆ ನಾನು ಇಷ್ಟ ಇಲ್ಲ, ಯಾರೋ ಕಟ್ಟು ಅಂದ್ರು ಅಂತ ತಾಳಿ ಕಟ್ಟಿದಾರೆ ಅಂತ ತೀರ್ಮಾನ ಮಾಡ್ಬಿಟ್ಟೆ. ಶಿವಮೊಗ್ಗ ಭದ್ರಾವತಿ ಓಡಾಡೋ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಒಬ್ರು ನಮ್ಮಂಗಡಿಗೆ ಬರೋರು. ಅವರನ್ನ ಹಿಡಿದು ಹೇಳ್ದೆ, "ಅಣ್ಣಾ, ನಮ್ಮಪ್ಪಂಗೆ ಹೇಳಿ, ನಂಗೆ ಇಲ್ಲಿ ಆಗಲ್ಲ. ಬಂದು ಕರ್ಕೊಂಡು ಹೋಗ್ಲಿ." ಅಪ್ಪನಿಂದಲೂ ಅದೇ ಬಸ್ಸಲ್ಲಿ ಉತ್ತರ ಬಂತು. ಗುರುವಾರ ಊಟದ ಹೊತ್ತಿಗೆ ಬರ್ತೀನಿ, ಅಳಿಯಂದ್ರ ಹತ್ರ ಮಾತಾಡ್ತೀನಿ, ಸರಿ ಕಾಣ್ಲಿಲ್ಲ ಅಂದ್ರೆ ಕರ್ಕೊಂಡೇ ಬರ್ತೀನಿ ಅಂತ.

ಸರಿ, ಗುರುವಾರ ಬಂತು. ನಿಮ್ಮಜ್ಜಂಗೆ ನಾನು ಏನೂ ಹೇಳಿರ್ಲಿಲ್ಲ. ಅಪ್ಪ ಬರ್ತಾರೆ ಅಂತ ಬೆಳಿಗ್ಗೆಯಿಂದ ಗುಡ್ಸಿದ್ದೇ ಗುಡ್ಸಿದ್ದು. ನಮ್ಮ ಸಾಲಿಗೆ ಆ ವಾರವೇ ಸುಣ್ಣ ಹೊಡ್ದಿದ್ರು, ಬಾಗಿಲ ಮೇಲಿನ ನಂಬರೂ ಸುಣ್ಣದ ಒಳಗೇ ಹೋಗಿತ್ತು. ನಂದೊಂದು ಹಸಿರು ಸೀರೆ ಇತ್ತು, ಕೆಂಪಂಚಿಂದು, ಅಪ್ಪ ಅಂಗಡಿಯಿಂದ ಆರ್ಸಿ ಕೊಟ್ಟಿದ್ದು. ಅದನ್ನ ದಿನಾ ಮನೆ ಮುಂದಿನ ತಂತಿ ಮೇಲೆ ಹಾಕ್ತಿದ್ದೆ. ದಿನಾ ಅಂದ್ರೆ ದಿನಾ ಅಲ್ಲ, ಒಗೆದ ದಿನ. ಅವತ್ತು ಒಗೆದೆ, ಆದ್ರೆ ಅಪ್ಪ ಬರೋ ಹೊತ್ತಿಗೆ ಬಾಗಿಲ ಮುಂದೆ ಹಸಿ ಬಟ್ಟೆ ಯಾಕೆ ಅಂತ ಹಿಂದಿನ ಸಾಲಿನ ಸೆಲ್ವಿ ಮನೆ ತಂತಿ ಮೇಲೆ ಹಾಕಿ ಬಂದೆ. ಸೆಲ್ವಿ ತಮಿಳ್ನಾಡಿನ ಕಡೆಯವಳು, ನನ್ನ ವಾರಿಗೆಯವಳೇ, ಅವಳ ಗಂಡನೂ ಅದೇ ಕಾರ್ಖಾನೆ, ಅವತ್ತು ಓವರ್‌ಟೈಮ್ ಅಂತ ಅಲ್ಲೇ ಉಳಿದಿದ್ದ. "ನೀ ಕಷ್ಟಪಡ್ಬೇಡ ಅಕ್ಕಾ, ನಾ ಬಂದು ಕಾಯಿ ತುರ್ದು ಕೊಡ್ತೀನಿ" ಅಂತ ಪಾಪ ನಮ್ಮನೆ ಅಡುಗೆಮನೇಲೇ ಕೂತ್ಲು. ಅವಳ ಮನೇಲಿ ಇದ್ದಿದ್ದು ಅವಳ ಅತ್ತೆ ಒಬ್ರೇ. ಕಣ್ಣಿಗೆ ಪೊರೆ ಬಂದ ಮುದುಕಿ, ತಮಿಳಲ್ಲಿ ಅಜ್ಜಿಗೆ ಪಾಟಿ ಅಂತಾರಲ್ಲ, ಪಾಟಿ ಪಾಟಿ ಅಂತಲೇ ಇಡೀ ಸಾಲು ಕರೀತಿತ್ತು.

ಅಪ್ಪ ಬಂದ್ರು. ರೇಷ್ಮೆ ಶಲ್ಯ, ಕೈಯಲ್ಲಿ ಸ್ವೀಟಿನ ಪೊಟ್ಟಣ, ಮುಖ ಮಾತ್ರ ಗಂಟು. ಎರಡು ಗಂಟೆ ಸೈರನ್ ಆಯ್ತು. ಬೆಳಗಿನ ಶಿಫ್ಟಿನವರೆಲ್ಲ ಸೈಕಲ್ ಮೇಲೆ ಬಂದ್ರು, ಅವರವರ ಮನೆ ಸೇರಿದ್ರು. ನಮ್ಮನೆಯವರಿಲ್ಲ. ಎಲೆ ಹಾಕಿದೀನಿ, ಹೋಳಿಗೆ ಆಗಿದೆ, ಸಾರು ಆಗಿದೆ. ಅಪ್ಪಂಗೆ ಹೊಟ್ಟೆ ಹಸಿವು ಬೇರೆ, ಆದ್ರೆ ಅಳಿಯನ ಬಿಟ್ಟು ಮಾವ ಮೊದಲು ಕೈ ಹಾಕೋದು ಉಂಟಾ? "ಬರ್ಲಿ ಬರ್ಲಿ" ಅಂದ್ರು. ಆಮೇಲೆ "ಇನ್ನೂ ಬರ್ಲಿಲ್ವಾ?" ಅಂದ್ರು. ಆಮೇಲೆ ಶಲ್ಯದಲ್ಲಿ ಗಾಳಿ ಹಾಕ್ಕೊಳೋಕೆ ಶುರು ಮಾಡಿದ್ರು. ಅದು ಕೋಪ ಬಂದ ಗುರುತು. ಎದುರು ಮನೆಯವರನ್ನ ಕೇಳಿದ್ರೆ, "ಅಯ್ಯೋ, ನಮ್ಮ ಜೊತೆನೇ ಗೇಟಿಂದ ಹೊರಗೆ ಬಂದ್ರಲ್ಲ!" ಅಂದ್ರು. ಮುಗೀತು. ಅಪ್ಪ ಧಡಕ್ಕಂತ ಎದ್ರು. "ಮಾವ ಬರೋದು ಹೇಗೋ ಗೊತ್ತಾಗಿ ತಪ್ಪಿಸ್ಕೊಂಡಿದಾನೆ ಅವನು. ನೀ ಹೇಳಿ ಕಳ್ಸಿದ್ದು ನಿಜಾನೇ. ಟ್ರಂಕ್ ಕಟ್ಟು ಮಗಳೇ. ಇವತ್ತೇ ಹೋಗೋಣ." ನಾನು ಕಟ್ಟಿದೆ ಕಣ್ರೋ. ಕಣ್ಣೀರು ಒರೆಸ್ಕೊಂಡು ಸೀರೆ ಮಡಚಿ ಮಡಚಿ ಇಡ್ತಿದೀನಿ. ಹಸಿರು ಸೀರೆ ಒಂದು ಬಾಕಿ, ಸೆಲ್ವಿ ಮನೆ ತಂತಿ ಮೇಲಿದೆ. "ನಾ ತಂದು ಕೊಡ್ತೀನಿ ಅಕ್ಕಾ" ಅಂತ ಸೆಲ್ವಿ ಅಳ್ತಾ ಹೋದ್ಲು.

ಹೋದವಳು ಕಿಟಾರನೆ ಕಿರುಚಿದ್ದು ನಮ್ಮನೆವರೆಗೂ ಕೇಳ್ತು. ಓಡಿ ಬಂದ್ಲು, ಕನ್ನಡ ಎಲ್ಲಾ ಮರೆತು ಹೋಗಿದೆ ಅವಳಿಗೆ. "ಅಕ್ಕಾ! ಉಂಗ ವೀಟ್ಟುಕಾರರ್ ಎಂಗ ವೀಟ್ಲ ತೂಂಗ್ರಾರು!" ಅಂದ್ರೆ, ನಿಮ್ಮೆಜಮಾನ್ರು ನಮ್ಮನೇಲಿ ನಿದ್ದೆ ಹೊಡೀತಿದಾರೆ ಅಂತ. ಎಲ್ರೂ ಓಡಿದ್ವಿ. ಅಪ್ಪನೂ ಶಲ್ಯ ಸರಿ ಮಾಡ್ಕೊಳ್ತಾ ಓಡಿದ್ರು. ಹೋಗಿ ನೋಡ್ತೀನಿ, ನಿಮ್ಮಜ್ಜ ಸೆಲ್ವಿ ಮನೆ ಮಂಚದ ಮೇಲೆ ಕೈ ತಲೆದಿಂಬು ಮಾಡ್ಕೊಂಡು, ಬಾಯಿ ತೆರ್ಕೊಂಡು, ಗೊರಕೆ! ಪಕ್ಕದಲ್ಲಿ ಪಾಟಿ ಕೂತು ಬೀಸಣಿಗೆ ಹಾಕ್ತಿದಾರೆ. ಅವರ ಪಾಲಿಗೆ ಅದು ಅವರ ಮಗ. ಅದೇ ಖಾಕಿ ಅಂಗಿ, ಅದೇ ಆಯಿಲ್ ವಾಸನೆ, ಆ ಕಣ್ಣಿಗೆ ಇನ್ನೇನು ಗೊತ್ತಾಗ್ಬೇಕು?

ಎಬ್ಬಿಸಿದ್ವಿ. ಎದ್ರು. ಒಂದು ಕಡೆ ನಾನು, ಒಂದು ಕಡೆ ಮಾವ, ಬಾಗಿಲ ತುಂಬಾ ಜನ. ಪಾಪ, ಅವರ ಮುಖ ನೋಡ್ಬೇಕಿತ್ತು ನೀವು! ಅಪ್ಪ ಕೇಳಿದ್ರು, "ಏನ್ರೀ ಅಳಿಯಂದ್ರೇ, ಊಟ ಆಯ್ತಾ?" ನಿಮ್ಮಜ್ಜ ಮೆಲ್ಲಗೆ, "ಆಯ್ತು ಮಾವ." "ಯಾರು ಬಡಿಸಿದ್ದು?" "ಇವಳು..." ಅಂತ ನನ್ನ ಕಡೆ ಕೈ ಮಾಡಿ, ಪಾಟಿ ಕಡೆ ನೋಡಿ, ಅರ್ಧಕ್ಕೇ ನಿಂತ್ರು. ಪಾಟಿ ಬಿಡ್ಬೇಕಲ್ಲ! ನನ್ನ ಮಗ ಇವತ್ತು ಮೊದಲನೇ ಸಲ ಸಾರು ಚೆನ್ನಾಗಿದೆ ಅಂದ, ಎರಡು ಸಲ ಹಾಕಿಸ್ಕೊಂಡ ಅಂತ ತಮಿಳಲ್ಲೇ ಎಲ್ರಿಗೂ ಹೇಳ್ತಿದಾರೆ. ನಂಗೆ ಉರೀತು ನೋಡಿ! ನಾನು ಬಡಿಸಿದ ಸಾರಿಗೆ ತುಟಿ ಬಿಚ್ಚದ ಮನುಷ್ಯ, ಅಲ್ಲಿ ಹೋಗಿ ಚೆನ್ನಾಗಿದೆ ಅಂತೆ! "ಅಲ್ರೀ, ಅವರು ಊಟ ಮಾಡು ಅನ್ನೋದನ್ನ ತಮಿಳಲ್ಲಿ ಸಾಪ್ಪಿಡು ಅಂದಾಗ್ಲಾದ್ರೂ ಗೊತ್ತಾಗ್ಲಿಲ್ವಾ?" ಅಂದೆ. ಅದೇ ನಾನು ಅವರ ಹತ್ರ ಆಡಿದ ಮೊದಲನೇ ಜೋರು ಮಾತು. ಅದಕ್ಕೆ ಅವರು, "ಶಿಫ್ಟ್ ಮುಗಿಸಿ ಬಂದಾಗ ಕಿವಿ ಗುಂಯ್ ಅಂತಿರುತ್ತೆ. ನೀನು ಸೆಲ್ವಿ ಹತ್ರ ತಮಿಳು ಕಲೀತಿದೀಯ ಅಂದ್ಕೊಂಡೆ" ಅಂದ್ರು. ಬಾಗಿಲಲ್ಲಿದ್ದ ಜನ ಗೊಳ್ಳಂತ ನಕ್ರು.

ಅಪ್ಪ ನಗ್ಲಿಲ್ಲ. "ಕಟ್ಕೊಂಡ ಹೆಂಡ್ತಿ ಮುಖ ಗುರುತಿಲ್ಲದ ಮನುಷ್ಯನ ಹತ್ರ ನನ್ನ ಮಗಳನ್ನ ಹೇಗ್ರೀ ಬಿಡ್ಲಿ?" ಅಂದ್ರು. ಅದು ಸರಿಯಾದ ಮಾತೇ ಅಲ್ವಾ? ನಿಮ್ಮಜ್ಜನ ಕಿವಿ ಕೆಂಪಗಾಗಿದೆ. ನೆಲ ನೋಡ್ಕೊಂಡೇ ಹೇಳಿದ್ರು, "ಮುಖ ನೋಡೋಕೆ ನಾಚಿಕೆ ಮಾವ. ಅದಕ್ಕೆ ಸೀರೆ ನೋಡ್ತೀನಿ. ಮನೆಗೂ ಸೀರೆ ಗುರುತು ಹಿಡ್ಕೊಂಡೇ ಬರೋದು. ಇವತ್ತು ಹಸಿರು ಸೀರೆ ಈ ಮನೆ ಮುಂದೆ ಇತ್ತು, ಒಳಗೆ ಬಂದ್ಮೇಲೆ ತಟ್ಟೆ ಬಿಟ್ಟು ಬೇರೇನೂ ನೋಡ್ಲಿಲ್ಲ." ಅಪ್ಪ ಬಟ್ಟೆ ವ್ಯಾಪಾರಿ, ಸೀರೆ ಅಂದ ಕೂಡ್ಲೆ ಕಿವಿ ನಿಮಿರ್ತು. "ಇನ್ಯಾವ ಸೀರೆ ನೋಡಿದೀರಿ?" "ಮೊನ್ನೆ ಹಳದಿದು ಉಟ್ಟಿದ್ಲು, ಸೊಳ್ಳೆ ಸೊಳ್ಳೆ ಇರೋದು." "ಸೊಳ್ಳೆ ಅಲ್ರೀ, ಅದು ಬುಟ್ಟಾ!" "ಅದೇ. ಆಮೇಲೆ ನೀಲಿದು, ಅಂಚಲ್ಲಿ ಗರಗಸದ ಹಲ್ಲು ಇರೋದು." "ಗರಗಸ! ಅಯ್ಯೋ ದೇವರೇ, ಅದು ಗೋಪುರದ ಅಂಚು ಕಣ್ರೀ!" "ಇರ್ಬೋದು ಮಾವ. ಅದರ ಸೆರಗು ಒಂದು ಕಡೆ ಚೂರು ಹರಿದಿದೆ. ಅವಳು ಅದನ್ನ ಒಳಗೆ ಮಡಚಿ ಉಡ್ತಾಳೆ. ಸಂಬಳ ಬಂದ ಮೇಲೆ ನಿಮ್ಮಂಗಡಿಗೇ ಬಂದು ಬೇರೆ ತರೋಣ ಅಂತಿದ್ದೆ."

ನಂಗೆ ಮೈ ಜುಂ ಅಂತು ಕಣೇ. ಆ ಹರಕು ನಮ್ಮಮ್ಮಂಗೂ ಗೊತ್ತಿರ್ಲಿಲ್ಲ. ಈ ತಲೆ ಬಗ್ಗಿಸಿದ ಮನುಷ್ಯ ಇಷ್ಟು ದಿನ ನನ್ನನ್ನ ಅಂಚಿಂದ ಸೆರಗಿನವರೆಗೂ ನೋಡಿದಾರೆ, ಮುಖ ಒಂದು ಬಿಟ್ಟು! ಅಪ್ಪ ನನ್ನ ಕಡೆ ತಿರುಗಿದ್ರು. "ಏನಮ್ಮಾ, ಟ್ರಂಕ್ ತರ್ಲಾ?" ನಾನಂದೆ, "ಬೇಡಪ್ಪಾ. ನೀವು ಬಂದು ಊಟ ಮಾಡಿ, ಆಮೇಲೆ ಬಸ್ ತಪ್ಪುತ್ತೆ." ಅಳಿಯಂದ್ರೂ ಪಾಪ ತುಂಬಿದ ಹೊಟ್ಟೇಲೇ ಮಾವನ ಜೊತೆ ಮತ್ತೆ ಎಲೆ ಮುಂದೆ ಕೂತ್ರು. ಅಪ್ಪ ಕೈ ಹಾಕೋ ಮುಂಚೆ ಹೇಳಿದ್ರು, "ಅಳಿಯಂದ್ರೇ, ಇನ್ಮೇಲೆ ಒಂದು ಕೆಲಸ ಮಾಡಿ. ಮೊದಲು ತಲೆ ಎತ್ತಿ ಬಡಿಸ್ತಿರೋರ ಮುಖ ನೋಡಿ, ನಮ್ಮನೆಯವಳೇ ಅಂತ ಖಾತ್ರಿ ಮಾಡ್ಕೊಂಡು, ಆಮೇಲೆ ತುತ್ತು ಎತ್ತಿ."

ಆ ಮಾತನ್ನ ನಿಮ್ಮಜ್ಜ ಜೀವ ಇರೋವರೆಗೂ ಪಾಲಿಸಿದ್ರು ನೋಡಿ. ದಿನಾ ತಟ್ಟೆ ಮುಂದೆ ಕೂತು, ತಲೆ ಎತ್ತಿ, ನನ್ನ ಮುಖ ನೋಡಿ, ಆಮೇಲೇ ಊಟ. ಮಕ್ಕಳು ಹುಟ್ಟಿದ್ರು, ನಿಮ್ಮಪ್ಪ ಸಣ್ಣೋನಿದ್ದಾಗ "ಅಪ್ಪ ಚೆಕಿಂಗ್ ಮಾಡ್ತಿದಾರೆ" ಅಂತ ಕೈ ತಟ್ಟಿ ನಗ್ತಿದ್ದ. ಜಗಳ ಆದ ದಿನವೂ ನೋಡೋರು, ನಾನೇ ಮುಖ ತಿರುಗಿಸ್ಕೊಂಡಿರ್ತಿದ್ದೆ. ನಾನು ತಿರುಗೋವರೆಗೂ ತುತ್ತು ಎತ್ತುತ್ತಿರ್ಲಿಲ್ಲ ಪುಣ್ಯಾತ್ಮ, ಸಾರು ಆರಿ ಹೋಗ್ತಿತ್ತು. ಆದ್ರೆ ಸಾರು ಚೆನ್ನಾಗಿದೆ ಅಂತ ಮಾತ್ರ ಒಂದು ದಿನವೂ ಅನ್ಲಿಲ್ಲ. "ಸೆಲ್ವಿ ಮನೆ ಸಾರಿಗೆ ಬರುತ್ತಲ್ಲ ಬಾಯಿ, ನನ್ನ ಸಾರಿಗೆ ಯಾಕಿಲ್ಲ?" ಅಂತ ನಾನು ಕೆಣಕೋದು, ಅವರು ಮುಸಿ ಮುಸಿ ನಗೋದು. ರಿಟೈರಾಯ್ತು, ಇಲ್ಲಿ ಹೊಸಮನೆ ಬಡಾವಣೇಲಿ ಮನೆ ಕಟ್ಟಿದ್ವಿ, ನೀವು ಹುಟ್ಟಿದ್ರಿ, ಅವರ ಹೆಗಲ ಮೇಲೆ ಕೂತು ತುಂಗಾ ಹೊಳೆ ನೋಡೋಕೆ ಹೋದ್ರಿ. ಆ ಸಾರಿನ ಜಗಳ ಮಾತ್ರ ಹಾಗೇ ನಡೀತಿತ್ತು.

ಆಮೇಲೆ ಮರೆವು ಬಂತಲ್ಲ, ನೀವೇ ನೋಡಿದೀರಿ. ಮೊದಲು ಕನ್ನಡಕ ಮರೆತ್ರು, ಆಮೇಲೆ ಬೀದಿ ಮರೆತ್ರು, ಆಮೇಲೆ ನಿಮ್ಮನ್ನ. ನನ್ನನ್ನ ಮರೆಯಲ್ಲ ಅಂತ ನಂಗೊಂದು ಜಂಬ ಇತ್ತು. ಹೋದ ವರ್ಷ, ಅವರು ಹೋಗೋಕೆ ಸ್ವಲ್ಪ ದಿನ ಮುಂಚೆ, ಮಧ್ಯಾಹ್ನ ತಟ್ಟೆ ಇಟ್ಟು ಸಾರು ಅನ್ನ ಕಲಸಿ ಕೊಟ್ಟೆ. ಯಾವತ್ತಿನ ಹಾಗೆ ತಲೆ ಎತ್ತಿ ನನ್ನ ಮುಖ ನೋಡಿದ್ರು. ನೋಡಿದ್ರು, ನೋಡಿದ್ರು. ತುತ್ತು ಎತ್ಲೇ ಇಲ್ಲ. "ತಿನ್ರೀ" ಅಂತ ನಾನೇ ಒಂದು ತುತ್ತು ಬಾಯಿಗಿಟ್ಟೆ. ತಿಂದ್ರು. ಆಮೇಲೆ ಮರ್ಯಾದೆಯಿಂದ ಎರಡೂ ಕೈ ಮುಗಿದು, "ತಪ್ಪಾಯ್ತು ತಾಯೀ, ಮನೆ ಗುರುತು ಸಿಗದೆ ನಿಮ್ಮನೆಗೆ ಬಂದ್ಬಿಟ್ಟಿದೀನಿ. ಸಾರು ಬಾಳ ಚೆನ್ನಾಗಿದೆ. ಆದ್ರೆ ಎದ್ದೇಳ್ತೀನಿ, ಮನೇಲಿ ನಮ್ಮವಳು ಊಟ ಮಾಡದೆ ಕಾಯ್ತಿರ್ತಾಳೆ" ಅಂದ್ರು.

ನಗಲೋ ಅಳಲೋ ಗೊತ್ತಾಗ್ಲಿಲ್ಲ ಕಣ್ರೇ. ಎರಡೂ ಮಾಡ್ದೆ. ಇಡೀ ಜೀವಮಾನ ಕಾದ ಮಾತು ಬಂತು, ಬಂದಿದ್ದು ಯಾರೋ ಬೇರೆ ಹೆಂಗಸಿಗೆ! ಆದ್ರೂ ಸೆರಗಲ್ಲಿ ಕಣ್ಣೊರೆಸ್ಕೊಂಡು ಹೇಳ್ದೆ, "ಕೂತ್ಕೊಳಿ ಸ್ವಾಮೀ, ನಿಮ್ಮವಳಿಗೆ ಹೇಳಿ ಕಳ್ಸಿದೀನಿ, ಅವಳ ಊಟ ಆಯ್ತಂತೆ. ನೀವು ಹೊಟ್ಟೆ ತುಂಬಾ ಉಣ್ಬೇಕಂತೆ." "ಹೌದಾ? ಹಾಗಾದ್ರೆ ಇನ್ನೊಂದ್ಚೂರು ಹಾಕಿ" ಅಂದ್ರು. ಎರಡು ಸಲ ಹಾಕಿಸ್ಕೊಂಡು ಉಂಡ್ರು.

ಅಯ್ಯೋ, ನೀ ಯಾಕೆ ಅಳ್ತೀಯೇ ಸಿಂಚನಾ, ಸಾರಿಗೆ ಉಪ್ಪು ಜಾಸ್ತಿ ಆಗುತ್ತೆ. ಪ್ರಜ್ವಲ, ಇಡು ಆ ಮೊಬೈಲ್ ಕೆಳಗೆ. ಇದೇ ಕಣೋ ನಾ ಹೇಳೋದು, ಬಡಿಸೋರು ಇರೋವಾಗ ಮುಖ ನೋಡಿ ಉಣ್ಬೇಕು, ಚೆನ್ನಾಗಿದೆ ಅನ್ನೋದನ್ನ ಗುರುತು ಇರೋವಾಗ್ಲೇ ಅನ್ಬೇಕು. ಎಲ್ಲಿ, ತಲೆ ಎತ್ತು. ಯಾರು ನಾನು? ಹ್ಞಾ. ಈಗ ತಟ್ಟೆ ಚಾಚು.